ಗೌಜ್ ತರಿಸಿದ್ರಿ, ಸಾಣೆ ಎಂತ ಮಾಡಿದ್ರಿ ಮಾರಾಯ್ರೆ?

ಮರ ಕಡೆಯುವ ಲೇತ್ ಬಂದು ಎಷ್ಟು ಸಮಯ ಆಯ್ತು ಮಾರಾಯ್ರೆ? ಸುಳ್ಳು ಹೇಳ್ಬೇಡಿ. ಕಾರ್ ಶೆಡ್ಡಿನ ಮೂಲೆಯಲ್ಲಿ, ಅಡಿಕೆ ಗೋಣಿಯ ಹಿಂದೆ, ಟಾರ್ಪಾಲು ಹೊದ್ದುಕೊಂಡು ಕೂತಿದೆ ಅಲ್ವಾ? ಅದು ಬಂದ ರಟ್ಟಿನ ಡಬ್ಬಿ ಕೂಡ ಇನ್ನೂ ಬಿಸಾಡ್ಲಿಲ್ಲ ನೀವು (ವಾಪಸ್ ಕಳಿಸ್ಲಿಕ್ಕೆ ಬೇಕಾದೀತು ಅಂತ. ಗೊತ್ತುಂಟು ನಮಗೆ).

ಕೇಳಿದರೆ ಉತ್ತರ ರೆಡಿ: "ಟೂಲ್ ಸೆಲೆಕ್ಟ್ ಮಾಡ್ತಾ ಇದ್ದೇನೆ." ಆಹಾ! ಬಿ.ಸಿ. ರೋಡಿನ ಹತ್ತಿರ ಆ ಐದು ಸೆಂಟ್ಸ್ ಜಾಗ ತೆಗೊಳ್ಳುವಾಗ ಆರ್‌ಟಿಸಿಯನ್ನು ಕೂಡ ಇಷ್ಟು ಸಲ ತಿರುಗಿಸಿ ನೋಡಿರ್ಲಿಕ್ಕಿಲ್ಲ ನೀವು.

ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದರೆ ಯಾವುದೋ ದೇಶದ ಬಿಳಿಗಡ್ಡದ ಅಜ್ಜ ಮರದ ಬೌಲ್ ಕಡೀತಾ ಇರ್ತಾನೆ. ಉಳಿಯ ತುದಿಯಿಂದ ಮರ ರಿಬ್ಬನ್ ರಿಬ್ಬನ್ನಾಗಿ ಎದ್ದು ಅವನ ಹೆಗಲ ಮೇಲಿಂದ ಹಾರ್ತದೆ. ನೀವು ಮರುಳಾಗಿ, ಉಳಿಯ ಮೇಲೆ ಯಾವ ಕಂಪನಿಯ ಹೆಸರುಂಟು ಅಂತ ಝೂಮ್ ಮಾಡ್ತೀರಿ. ನಡುನಡುವೆ ಅಜ್ಜ ಗ್ರೈಂಡರಿನ ಹತ್ತಿರ ಹೋಗಿ ಬಂದನಲ್ಲ? ಅಷ್ಟನ್ನು ಮಾತ್ರ ಸ್ಕಿಪ್ ಮಾಡಿದ್ರಿ.

ಆಯ್ತು, ಬೈಯುವುದು ಆಮೇಲೆ. ಮೊದಲು ಉಳಿ ತೆಗೊಳ್ಳುವ. ನಿಮ್ಮ ಕಾರ್ಟಿನಲ್ಲಿ ಈಗ ಎಂತ ಉಂಟು? ಮರದ ಪೆಟ್ಟಿಗೆಯಲ್ಲಿ ಎಂಟು ಉಳಿಗಳ ಸೆಟ್! ತೆಗೀರಿ ಅದನ್ನು. ಎಂಟರಲ್ಲಿ ಬೌಲಿನ ಕೆಲಸಕ್ಕೆ ಬರುವುದು ಹೆಚ್ಚೆಂದರೆ ಒಂದೋ ಎರಡೋ. ಉಳಿದದ್ದೆಲ್ಲ ಮಂಚದ ಕಾಲು, ತೊಟ್ಟಿಲಿನ ಗೂಟ ಕಡೀಲಿಕ್ಕೆ ಇರುವಂಥದ್ದು. (ಪೆಟ್ಟಿಗೆ ಚಂದ ಉಂಟು, ಒಪ್ಪಿದೆ. ಬಂದ ನೆಂಟರಿಗೆ ತೋರಿಸ್ಲಿಕ್ಕೆ ಆಗ್ತದೆ.)

ಆ ಸೆಟ್ಟಿನಲ್ಲಿ ಅಗಲ ಬಾಯಿಯ ದೊಡ್ಡ ಗೌಜ್ (ತೋಡಿರುವ ಉಳಿ) ಒಂದು ಇರ್ತದೆ, ಸ್ಪಿಂಡಲ್ ರಫಿಂಗ್ ಗೌಜ್. "ಬೌಲ್ ದೊಡ್ಡದು, ಇದೇ ಸರಿ" ಅಂತ ನಿಮ್ಮ ತಲೆ ಹೇಳ್ತದೆ. ಖಂಡಿತ ಬೇಡ! ಹಿಡಿಯೊಳಗೆ ಹೋಗುವ ಅದರ ಬಾಲ ಚಪ್ಪಟೆ, ಸಪೂರ. ಬೌಲಿನ ಮರದ ನಾರು ಒಂದು ಸುತ್ತಿಗೆ ಎರಡೆರಡು ಸಲ ಉಳಿಗೆ ಎದುರಾಗ್ತದೆ. ಎಲ್ಲಿಯಾದರೂ ಸಿಕ್ಕಿಕೊಂಡರೆ ಬಾಲ ಮುರಿದು ಉಕ್ಕಿನ ತುಂಡು ನಿಮ್ಮ ಮುಖದ ಕಡೆಗೇ ಹೊರಡ್ತದೆ. ಇದೊಂದು ವಿಷಯ ತಮಾಷೆಗೆ ಹೇಳಿದ್ದಲ್ಲ.

ಬೌಲ್ ಗೌಜ್ ಹಾಗಲ್ಲ. ದಪ್ಪದ ದುಂಡು ಸರಳಿಗೆ ಉದ್ದಕ್ಕೆ ತೋಡು ತೆಗೆದು ಮಾಡಿದ್ದು, ಅದೇ ಸರಳು ನೇರ ಹಿಡಿಯೊಳಗೆ ಹೋಗ್ತದೆ. ತುದಿಯಿಂದ ನೋಡಿದರೆ ಅಡಿಕೆ ಹಾಳೆ ಮಗುಚಿಕೊಂಡ ಹಾಗೆ ಕಾಣ್ತದೆ. ಸ್ಪಿಂಡಲ್ ಗೌಜಿನ ತೋಡು ತೆಳು, ಇದರದ್ದು ಆಳ. ನಿಮ್ಮ ಮೊದಲ ಬೌಲ್ ಗೌಜಿಗೆ ಅರ್ಧ ಇಂಚು ದಪ್ಪದ ಸರಳು ಸಾಕು. ಕಾಲಿಂಚಿನದ್ದು ಬೌಲಿನ ಒಳಗೆ ಚಾಚಿದಾಗ ನಡುಗ್ತದೆ.

ಇಲ್ಲೊಂದು ಮೋಸ ಉಂಟು (ಯಾರೂ ಮಾಡಿದ್ದಲ್ಲ, ನೀವೇ ಹೋಗಿ ಬೀಳುವುದು). ಇಂಗ್ಲೆಂಡಿನವರು ತೋಡಿನ ಅಗಲ ಅಳೀತಾರೆ, ಅಮೆರಿಕದವರು ಸರಳಿನ ದಪ್ಪ ಅಳೀತಾರೆ. ಹಾಗಾಗಿ ಅವರ 3/8 ಇಂಚು, ಇವರ 1/2 ಇಂಚು, ಎರಡೂ ಒಂದೇ ಉಳಿ. ಎರಡು ಸೈಜೂ ಇರ್ಲಿ ಅಂತ ಎರಡನ್ನೂ ತರಿಸಿ, ಒಂದೇ ಉಳಿಗೆ ಎರಡು ಸಲ ಡ್ಯೂಟಿ ಕಟ್ಟುವ ಪುಣ್ಯಾತ್ಮರು ನೀವು.

ತೋಡಿನ ಆಕಾರದಲ್ಲಿ ಯು, ವಿ, ಪ್ಯಾರಾಬೋಲಿಕ್ ಅಂತ ಮೂರು ಜಾತಿ. ವಿ ತೋಡಿನ ಮೂತಿ ಚೂಪು, ಹೊಸಬರ ಕೈಯಲ್ಲಿ ಸಾಣೆ ಸರಿ ಕೂರುವುದಿಲ್ಲ. ಉಳಿದ ಎರಡರಲ್ಲಿ ಯಾವುದು ಸಿಕ್ಕಿದರೂ ಆಯ್ತು. ಇದರ ಮೇಲೆ ಒಂದು ವಾರ ಕೂರ್ಬೇಡಿ.

ಇನ್ನು ಉಕ್ಕು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಇರ್ಲಿ, ಎಂ2 ಸಾಕು. ಅದರಲ್ಲಿ ಟಂಗ್‌ಸ್ಟನ್ ನೂರಕ್ಕೆ ಸುಮಾರು 6, ಮಾಲಿಬ್ಡಿನಮ್ 5, ವೆನೇಡಿಯಮ್ 2. "ಎಂ42ರಲ್ಲಿ ಕೋಬಾಲ್ಟ್ 8 ಉಂಟಂತೆ, ಹರಿತ ಜಾಸ್ತಿ ಹೊತ್ತು ನಿಲ್ತದಂತೆ" ಅಂತ ನೀವು ಈಗ ಹೇಳ್ತೀರಿ. ನಿಲ್ತದೆ, ಹೌದು. ಆದರೆ ನಿಮ್ಮ ಮೊದಲ ಗೌಜಿನ ಮೊದಲ ಇಂಚು ಹೋಗುವುದು ಮರಕ್ಕಲ್ಲ, ಸಾಣೆ ಕಲ್ಲಿಗೆ. ತೇಯ್ದು ಕಲೀಲಿಕ್ಕೆ ಕೋಬಾಲ್ಟ್ ಎಂತಕ್ಕೆ?

"ನಮ್ಮ ಕುಲುಮೆಯಲ್ಲೇ ಲಾರಿ ಪ್ಲೇಟಿನಲ್ಲಿ ಮಾಡಿಸಿದರೆ ಆಗ್ಲಿಕ್ಕಿಲ್ವಾ?" ಬಂತು ನೋಡಿ, ಉಳಿತಾಯದ ಬುದ್ಧಿ. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ನಮ್ಮವರು ಮಾಡುವ ಕತ್ತಿಗೆ ಎದುರಿಲ್ಲ. ಸೊಪ್ಪು ಕಡೀಲಿಕ್ಕೂ ಆಯ್ತು, ಬೊಂಡ ಕೆತ್ತಲಿಕ್ಕೂ ಆಯ್ತು. ಆದರೆ ಗ್ರೈಂಡರಿಗೆ ಕೊಟ್ಟು 300 ಡಿಗ್ರಿ ಆಸುಪಾಸಿಗೆ ಹೋಗಿ ನೀಲಿ ತಿರುಗಿತೋ, ಆ ಬಾಯಿ ಮೆತ್ತಗಾಯ್ತು. ಎಚ್‌ಎಸ್‌ಎಸ್ 500 ಡಿಗ್ರಿಯ ಬಿಸಿಯನ್ನೂ ತಡ್ಕೊಳ್ತದೆ. ನಿಮ್ಮ ಕೈಗೆ ಅಂಥದ್ದೇ ಬೇಕು.

ಕಾರ್ಬೈಡ್ ತುದಿಯ ಟೂಲ್ ಕೂಡ ನೋಡಿಟ್ಟಿದ್ದೀರಿ ಅಲ್ವಾ? "ಸಾಣೆಯೇ ಬೇಡ, ತುದಿ ತಿರುಗಿಸಿ ಹಾಕಿದರೆ ಆಯ್ತು" ಅಂತ ಓದಿದ ಕೂಡಲೇ ಮುಖ ಅರಳಿದ್ದು ನಮಗೆ ಇಲ್ಲಿಂದಲೇ ಕಾಣ್ತದೆ. ಕೆಲಸ ಮಾಡ್ತದೆ ಅದು, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚಾಗಿ ಕೆರೆಯುವುದು, ಕೊಯ್ಯುವುದು ಕಡಿಮೆ. ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಭುಜ ಬಿದ್ದುಹೋಗ್ತದೆ.

ಈಗ ಬೇಜಾರು ಮಾಡ್ಕೊಳ್ಬೇಡಿ, ಒಂದು ಖಾಸಗಿ ಪ್ರಶ್ನೆ. ನಿಮ್ಮ ಅಡುಗೆಮನೆಯ ಚೂರಿ ಟೊಮೆಟೊ ಕೊಯ್ತದಾ, ಜಜ್ತದಾ? ಡ್ರಾಯರಿನಲ್ಲಿ ಅಂಥ ಚೂರಿ ಎಷ್ಟು ಉಂಟು? ಒಂದು ಮೊಂಡಾಯ್ತು ಅಂತ ಇನ್ನೊಂದು, ಅದೂ ಮೊಂಡಾಯ್ತು ಅಂತ ಮತ್ತೊಂದು. ಕೊನೆಗೆ ಮನೆಯವರು ಹಳೇ ಮೆಟ್ಟುಕತ್ತಿಯ ಮುಂದೆಯೇ ಕೂತು ಕೆಸುವಿನ ದಂಟು ಕೊಯ್ತಾ ಇರ್ತಾರೆ.

ವಿಷಯ ಇಷ್ಟೆ: ನಿಮಗೆ ಹರಿತ ಬೇಕು, ಮಸೆಯುವುದು ಬೇಡ. ಹೊಸತು ತೆಗೊಳ್ಳುವುದರಲ್ಲಿ ಒಂದು ಸುಖ ಉಂಟಲ್ಲ, ಡಬ್ಬಿ ಒಡೆಯುವ ಸುಖ, ಅದು ಕಲ್ಲಿನ ಎದುರು ನಿಂತರೆ ಸಿಗುವುದಿಲ್ಲ. ಆದರೆ ಹೊಸ ಗೌಜ್ ಎಷ್ಟೋ ಸಲ ಫ್ಯಾಕ್ಟರಿಯಿಂದ ಬರುವುದೇ ಅರ್ಧಂಬರ್ಧ ಉಜ್ಜಿಸ್ಕೊಂಡು. ಡಬ್ಬಿ ಒಡೆದ ದಿನವೇ ಅದಕ್ಕೆ ಸಾಣೆ ಬೇಕು. ಇದನ್ನು ಯಾರೂ ಹೇಳ್ಲಿಲ್ವಾ? ಹೇಳಿದ್ದರು, ನೀವು ಸ್ಕಿಪ್ ಮಾಡಿದ್ರಿ.

ಮಸೆಯುವುದು ಅಂದರೆ ಎಂತ ಅಂತ ನೋಡ್ಬೇಕಾದರೆ ಬೆಳ್ತಂಗಡಿ ಕಡೆಯ ಯಾವುದಾದರೂ ರಬ್ಬರ್ ತೋಟಕ್ಕೆ ಒಂದು ದಿನ ಬೆಳಕು ಹರಿಯುವ ಮುಂಚೆ ಹೋಗಿ (ಏಳ್ಬೇಕಲ್ಲ!). ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗಿನವರು ಮರದಿಂದ ಮರಕ್ಕೆ ಹೋಗ್ತಾ ಇರ್ತಾರೆ. ಒಬ್ಬರ ಪಾಲಿಗೆ 300ರ ಹತ್ತಿರ ಮರ. ತಂಪು ಹೊತ್ತಿನಲ್ಲಿ ಮರದೊಳಗಿನ ಒತ್ತಡ ಜಾಸ್ತಿ ಇರ್ತದೆ, ಹಾಲು ಚೆನ್ನಾಗಿ ಇಳೀತದೆ. ಅದಕ್ಕೇ ಆ ಗಡಿಬಿಡಿ.

ಅವರ ಕೈಯ ಕತ್ತಿ ನೋಡಿ. ಬಾಯಿ ನೇರ ಇಲ್ಲ, ತುದಿ ಮಡಚಿ ತೋಡಿನ ಹಾಗೆ ಉಂಟು. ಹೆಚ್ಚುಕಡಿಮೆ ನಿಮ್ಮ ಗೌಜಿನ ದಾಯಾದಿಯೇ. ಅದರಲ್ಲಿ ತೊಗಟೆಯನ್ನು ಒಂದು, ಒಂದೂವರೆ ಮಿಲಿಮೀಟರಿನಷ್ಟೇ ಸೀಳಿ ತೆಗೀಬೇಕು. ಸ್ವಲ್ಪ ಆಳಕ್ಕೆ ಹೋಯ್ತೋ, ಒಳಗಿನ ಜೀವಪದರಕ್ಕೆ ಗಾಯ. ಆಮೇಲೆ ಅಲ್ಲಿ ತೊಗಟೆ ಗಂಟು ಗಂಟಾಗಿ ಬೆಳೀತದೆ, ಧಣಿಗಳ ಬೊಬ್ಬೆ ಬೇರೆ. ಕತ್ತಿ ಮೊಂಡಾದರೆ ಒತ್ತಬೇಕು, ಒತ್ತಿದರೆ ಆಳಕ್ಕೆ ಇಳೀತದೆ.

ಹಾಗಾಗಿ ಕೆಲಸ ಮುಗಿದ ಮೇಲೆ ಟ್ಯಾಪಿಂಗಿನ ಅಣ್ಣ ರಬ್ಬರ್ ಶೀಟಿನ ಶೆಡ್ಡಿನ ಮೆಟ್ಟಿಲಲ್ಲಿ ಕೂತು, ಸಣ್ಣ ಕಲ್ಲಿಗೆ ನೀರು ಮುಟ್ಟಿಸಿ, ಆ ಮಡಚಿದ ಮೂಲೆಯ ಒಳಗೆ ಹೊರಗೆ ನಾಲ್ಕು ಸಲ ಆಡಿಸ್ತಾರೆ. ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡ್ತಾರೆ. ಜಾರಿದರೆ ಇನ್ನೆರಡು ಸಲ, ಕಚ್ಚಿದರೆ ಬಟ್ಟೆ ಸುತ್ತಿ ಒಳಗೆ. ಇಷ್ಟು ಕಣ್ಣಾರೆ ನೋಡಿ ನೀವು ಕೇಳುವ ಪ್ರಶ್ನೆ ಯಾವುದು ಹೇಳಿ? "ಇದು ಯಾವ ಕಂಪನಿ ಕತ್ತಿ ಅಣ್ಣಾ?"

ಆ ಕಲ್ಲಿನ ಜಾಗದಲ್ಲಿ ನಿಮಗೆ ಬೇಕಾದ್ದು ಬೆಂಚ್ ಗ್ರೈಂಡರ್. (ಮನೆಯಲ್ಲಿ ಬಿಡಿಸಿ ಹೇಳಿ. ಗ್ರೈಂಡರ್ ಬರ್ತದೆ ಅಂತ ಉದ್ದು ನೆನೆ ಹಾಕಿಟ್ಟಾರು.) ಉಳಿಗೆ ಇಟ್ಟ ದುಡ್ಡಿನಷ್ಟೇ ದುಡ್ಡನ್ನು ಇದಕ್ಕೂ ಎತ್ತಿಡಿ. ಎತ್ತಿಡ್ಲಿಲ್ಲ ಅಲ್ವಾ? ಇಡೀ ಬಜೆಟ್ಟನ್ನು ಗೌಜಿನ ಮೇಲೆ ಸುರಿದು, ಸಾಣೆಗೆ ಹಾರ್ಡ್‌ವೇರ್ ಅಂಗಡಿಯ ಎಣ್ಣೆ ಕಲ್ಲು ಸಾಕು ಅಂದುಕೊಂಡಿದ್ರಿ. ಆಚಾರಿಗಳ ಚಪ್ಪಟೆ ಉಳಿಗೆ ಅದು ಸರಿ. ದುಂಡು ಮೂತಿಯ ಗೌಜನ್ನು ಅದರ ಮೇಲೆ ಸಂಭಾಳಿಸ್ಲಿಕ್ಕೆ ಹತ್ತು ವರ್ಷದ ಕೈ ಬೇಕು.

ಪೇಟೆಯಲ್ಲಿ ಸುಲಭಕ್ಕೆ ಸಿಗುವುದು ಆರಿಂಚಿನ ಕಲ್ಲಿನದ್ದು, ನಿಮಿಷಕ್ಕೆ 2800 ಸುತ್ತು ಚಿಲ್ಲರೆ. ಹುಡುಕಿದರೆ 1440ರ ಆಸುಪಾಸಿನ ನಿಧಾನದ್ದು, ಎಂಟಿಂಚಿನದ್ದು ಸಿಗ್ತದೆ. ಕಲಿಯುವವರಿಗೆ ಅದು ಮೇಲು. ಜೊತೆಗೆ ಬರುವ ಬೂದು ಕಲ್ಲು ಎಚ್‌ಎಸ್‌ಎಸ್‌ಗೆ ಅಷ್ಟಕ್ಕಷ್ಟೆ. ಒಂದು ಬದಿಗೆ 80 ಅಥವಾ 100 ಗ್ರಿಟ್ಟಿನ ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಕಲ್ಲು ಹಾಕಿಸಿ. ಹಾಕುವ ಮೊದಲು ಬೆರಳಿಗೆ ತೂಗಿಸಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಬಿರುಕು. ಅಂಗಡಿಗೆ ವಾಪಸ್.

ಬೆವೆಲ್ (ಬಾಯಿಯ ಕೆಳಗೆ ಉಜ್ಜಿದ ಇಳಿಜಾರು) ಎಷ್ಟು ಡಿಗ್ರಿ ಅಂತ ಕೇಳ್ಬೇಡಿ, ಕೇಳಿದರೆ ಜಗಳ ಶುರು. 40 ಡಿಗ್ರಿಗೆ ಉಜ್ಜಿದರೆ ಬಾಯಿ ಸಪೂರ, ಹೊರಮೈ ನುಣ್ಣಗೆ ಬರ್ತದೆ. ಆದರೆ ಬೌಲಿನ ಒಳಗೆ ತಳದ ತಿರುವಿನಲ್ಲಿ ಹಿಡಿ ಬಾಯಂಚಿಗೆ ತಾಗಿ, ಬೆವೆಲ್ ಮರದ ಮೇಲೆ ಕೂರುವುದಿಲ್ಲ. 60 ಡಿಗ್ರಿಗೆ ಉಜ್ಜಿದರೆ ತಳ ಸುಲಭ, ಕೊಯ್ತ ಸ್ವಲ್ಪ ಒರಟು. ನಡುವೆ 55ಕ್ಕೆ ನಿಲ್ಲಿಸಿ. ತೋಡಿನ ಎರಡು ಬದಿಯ ಅಂಚುಗಳನ್ನು (ರೆಕ್ಕೆಗಳನ್ನು) ಹಿಂದಕ್ಕೆ ಉಜ್ಜಿ ಇಳಿಸುವ ಪದ್ಧತಿಗೆ ಐರಿಶ್ ಗ್ರೈಂಡ್ ಅಂತಾರೆ. ಅಮೆರಿಕದ ಡೇವಿಡ್ ಎಲ್ಸ್‌ವರ್ತ್ ಹೆಸರಿನಲ್ಲೂ ಅಂಥದ್ದೊಂದು ಉಂಟು. ಸದ್ಯಕ್ಕೆ ಅಷ್ಟು ಸಾಕು.

ಉಳಿಯನ್ನು ಒಂದೇ ಕೋನಕ್ಕೆ ಹಿಡಿಯುವ ಜಿಗ್ ತೆಗೊಳ್ಳಿ, ನಾಚಿಕೆ ಪಡ್ಬೇಡಿ. "ಕೈಯಲ್ಲೇ ಹಿಡಿದು ಮಾಡ್ತೇನೆ" ಅನ್ನುವ ಪೌರುಷಕ್ಕೆ ಬೆಲೆ ತೆರುವುದು ನಿಮ್ಮ ಉಳಿ. ಉಳಿ ಜಿಗ್ಗಿನಿಂದ ಎಷ್ಟು ಹೊರಗೆ ಚಾಚಿರ್ಬೇಕು ಅನ್ನುವುದನ್ನು ಒಂದು ಸಲ ಸರಿ ಮಾಡಿ, ಅಷ್ಟೇ ಅಳತೆಗೆ ಹಲಗೆಯ ತುಂಡಿಗೊಂದು ಪಟ್ಟಿ ಹೊಡೆದಿಡಿ. ಪ್ರತಿ ಸಲವೂ ಅದಕ್ಕೆ ತಾಗಿಸಿಯೇ ಬಿಗಿ ಮಾಡುವುದು. ಅಂದಾಜಿಗೆ ಹಿಡಿದರೆ ದಿನಕ್ಕೊಂದು ಕೋನ, ವಾರಕ್ಕೊಂದು ಮೂತಿ.

ಈಗ ಮಕ್ಕಳ ಕಂಪಾಸು ಪೆಟ್ಟಿಗೆಯಿಂದ ಮಾರ್ಕರ್ ಪೆನ್ ಕದೀರಿ. ಬೆವೆಲಿಗೆ ಪೂರ್ತಿ ಮಸಿ ಬಳೀರಿ. ಸ್ವಿಚ್ ಹಾಕ್ಬೇಡಿ! ಕಲ್ಲನ್ನು ಕೈಯಲ್ಲೇ ತಿರುಗಿಸಿ ಒಮ್ಮೆ ಮುಟ್ಟಿಸಿ ನೋಡಿ. ಬುಡದ ಮಸಿ ಮಾತ್ರ ಹೋಗಿದ್ದರೆ ಕೋನ ತಪ್ಪಿದೆ, ತುದಿಯದ್ದು ಮಾತ್ರ ಹೋಗಿದ್ದರೂ ತಪ್ಪಿದೆ. ಮೇಲಿಂದ ಕೆಳಗೆ ಒಂದೇ ಸಮ ಹೋಯ್ತೋ, ಈಗ ಸ್ವಿಚ್.

ಒತ್ತಬೇಡಿ. ಉಳಿಯ ಭಾರವೇ ಸಾಕು. ಮಣಿಕಟ್ಟು ತಿರುಗಿಸ್ತಾ ಎಡದ ರೆಕ್ಕೆಯಿಂದ ಮೂತಿಗೆ, ಮೂತಿಯಿಂದ ಬಲದ ರೆಕ್ಕೆಗೆ. ಒಂದೇ ಕಡೆ ನಿಂತರೆ ಅಲ್ಲಿ ಗುಳಿ ಬೀಳ್ತದೆ. ಕಿಡಿ ಬಾಯಿಯ ಮೇಲಿಂದ ತೋಡಿನೊಳಗೆ ಬರ್ಲಿಕ್ಕೆ ಶುರುವಾಯ್ತಾ? ಆಯ್ತು, ತೆಗೀರಿ. ಇಡೀ ಕೆಲಸಕ್ಕೆ ಅರ್ಧ ನಿಮಿಷ ಹಿಡಿಯುವುದಿಲ್ಲ. ಕಿಡಿ ಚಂದ ಕಾಣ್ತದೆ ಅಂತ ಹೆಂಡತಿ ಮಕ್ಕಳನ್ನು ಕರೆದು ತೋರಿಸ್ತಾ ನಿಂತರೆ, ದೀಪಾವಳಿ ಮುಗಿಯುವಾಗ ಉಳಿ ಮುಗೀತದೆ.

ಬಿಸಿ ಆಯ್ತು ಅಂತ ನೀರಿಗೆ ಅದ್ದಿ ಚುಂಯ್ ಅನ್ನಿಸ್ಲಿಕ್ಕೆ ಹೋಗ್ಬೇಡಿ. (ಅನ್ನಿಸ್ತೀರಿ, ಗೊತ್ತುಂಟು. ಸಿನಿಮಾದಲ್ಲಿ ಕತ್ತಿ ಮಾಡುವಾಗ ನೋಡಿದ್ದಲ್ವಾ?) ಎಚ್‌ಎಸ್‌ಎಸ್‌ಗೆ ಹಾಗೆ ಒಮ್ಮೆಗೇ ತಣ್ಣಗಾದರೆ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಗಾಳಿಗೆ ಇಡಿ, ಆರ್ತದೆ.

ಹರಿತ ಬಂತಾ ಅಂತ ನೋಡ್ಲಿಕ್ಕೆ ಬಲ್ಬಿನ ಕೆಳಗೆ ಬಾಯಿಯನ್ನು ಹಿಡೀರಿ. ಅಂಚಿನಲ್ಲಿ ಬಿಳಿ ಗೆರೆ ಮಿಂಚಿದರೆ ಅದು ಮೊಂಡು. ಹರಿತದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ. ಎಷ್ಟು ಸಲ ಮಸೀಬೇಕು ಅಂತ ಗಡಿಯಾರ ನೋಡುವ ಅಗತ್ಯ ಇಲ್ಲ. ರಿಬ್ಬನ್ ನಿಂತು ಪುಡಿ ಹಾರ್ಲಿಕ್ಕೆ ಶುರುವಾದರೆ, ನಿಮಗರಿವಿಲ್ಲದೆ ನೀವು ಉಳಿಯನ್ನು ನೂಕ್ತಾ ಇದ್ದರೆ, ಹೊತ್ತಾಯ್ತು. ಕೊನೆಯ ತೆಳು ಕೊಯ್ತಕ್ಕೆ ಮುಂಚೆ ಅಂತೂ ಕೇಳಿಯೇ ಬೇಡಿ, ಹೋಗಿ ಮಸೆದು ಬನ್ನಿ.

ಆದರೆ ನೀವು ಹೋಗುವುದಿಲ್ಲ. "ಇನ್ನೊಂದು ಸುತ್ತು, ಇನ್ನೊಂದೇ ಸುತ್ತು" ಅಂತ ಮೊಂಡು ಉಳಿಯಲ್ಲೇ ದೂಡ್ತೀರಿ. ನಾರು ಕಿತ್ತು ಬಂದು ಬೌಲಿನ ಎರಡು ಮಗ್ಗುಲು ಒರಟೊರಟಾದ ಮೇಲೆ ತಪ್ಪು ಯಾರದ್ದು? ಮರದ್ದು! "ಈ ಹಲಸೇ ಸರಿ ಇಲ್ಲ ಮಾರಾಯ್ರೆ." ಪಾಪದ ಹಲಸು. ಅದೇ ಮರದಲ್ಲಿ ಚೆಂಡೆ ಮದ್ದಳೆ ಆಗ್ತದೆ, ನಿಮ್ಮ ಪಾಯಸದ ಬೌಲ್ ಮಾತ್ರ ಆಗುವುದಿಲ್ಲ.

ಮರದ ವಿಷಯಕ್ಕೆ ಬಂದರೆ, ಕಲೀಲಿಕ್ಕೆ ನಮ್ಮ ಕಡೆ ರಬ್ಬರ್ ಮರದಷ್ಟು ಸಾಧು ಬೇರೆ ಇಲ್ಲ. ಹಾಲು ನಿಂತು ಕಡಿದ ಮರ, ಬೆಲೆ ಕಡಿಮೆ, ಉಳಿಗೆ ಮೆತ್ತಗೆ. ಕಡಿದದ್ದನ್ನು ಹಾಗೇ ಬಿಟ್ಟರೆ ಬೂಷ್ಟು ಹಿಡಿದು ಕಪ್ಪಾಗ್ತದೆ, ಬೇಗ ಕೈ ಹಾಕ್ಬೇಕು ಅಷ್ಟೆ. ಹಳೇ ಬಾಗಿಲಿನ ಸಾಗುವಾನಿ ತುಂಡು ಉಂಟಲ್ಲ ನಿಮ್ಮಲ್ಲಿ, ಅದು ಕಳ್ಳ. ಒಳಗೆ ಸಿಲಿಕಾ ಇಟ್ಟುಕೊಂಡಿದೆ, ಹರಿತವನ್ನು ಗೊತ್ತಾಗದ ಹಾಗೆ ತಿಂತದೆ. ಬೀಟೆಯ ಸುದ್ದಿಗೆ ಹೋಗ್ಬೇಡಿ. ಅರಣ್ಯ ಇಲಾಖೆಯವರ ಎದುರು ಬೌಲ್ ಕಲಿಯುತ್ತಿದ್ದೆ ಅಂದರೆ ಅವರು ನಗುವುದಿಲ್ಲ.

ಮೂಡುಬಿದಿರೆಗೆ ಹೋದದ್ದುಂಟಲ್ಲ ನೀವು? 1430ರ ಸಾವಿರ ಕಂಬದ ಬಸದಿಯಲ್ಲಿ ಕಂಬ ತಟ್ಟಿ, "ಆ ಕಾಲದಲ್ಲಿ ಮೆಷಿನ್ ಇಲ್ಲದೆ ಹೇಗೆ ಮಾಡಿದ್ರೋ" ಅಂತ ಸೆಲ್ಫಿ ತೆಗೆದದ್ದೂ ಉಂಟು. ಅಲ್ಲೇ ಚೌಟರ ಅರಮನೆಯಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದದ್ದು, ಐವರು ಸೇರಿ ಕುದುರೆಯಾದದ್ದು ಮರದಲ್ಲೇ ಕೆತ್ತಿದ್ದು. ಆ ಹೆಂಗಸರ ಮೂಗು ಕಣ್ಣು ಮೊಂಡು ಉಳಿಯಲ್ಲಿ ಬಂದೀತಾ?

ಕಲ್ಲು ಕೆತ್ತುವವರ ಪಾಡು ಇನ್ನೂ ಕಷ್ಟ. ಉಳಿ ಮೊಂಡಾದ ಹಾಗೆಲ್ಲ ಕುಲುಮೆಗೆ ಕೊಟ್ಟು, ಕಾಯಿಸಿ ತಟ್ಟಿಸಿ, ಮತ್ತೆ ಹದ ಹಿಡಿಸಿ ತರ್ಬೇಕು. ಹಾಗೆ ತಂದು ತಂದು ಕೆತ್ತಿದ್ದು 1604ರಲ್ಲಿ ನಿಂತ ವೇಣೂರಿನ 35 ಅಡಿಯ ಬಾಹುಬಲಿ. ನಮ್ಮ ಕಾಲದಲ್ಲೇ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಧರ್ಮಸ್ಥಳಕ್ಕೆ ಕೆತ್ತಿಕೊಟ್ಟದ್ದು 39 ಅಡಿ. ನಿಮ್ಮ ಬೌಲ್ ಎಂಟು ಇಂಚು, ಗ್ರೈಂಡರ್ ಎರಡು ಹೆಜ್ಜೆ ದೂರ. ಆದರೂ ಎದ್ದು ಹೋಗ್ಲಿಕ್ಕೆ ಉದಾಸೀನ!

ಮಳೆಗಾಲದ ಸುದ್ದಿ ಚುಟುಕಾಗಿ ಹೇಳ್ತೇನೆ. ವರ್ಷಕ್ಕೆ 4000 ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು. ಕೆಲಸ ಆದ ಕೂಡಲೇ ಉಳಿಗೆ ತೆಂಗಿನೆಣ್ಣೆಯೋ ಮೆಷಿನ್ ಎಣ್ಣೆಯೋ ಒರಸಿ ಇಡಿ. ಹಾಗೇ ಬಿಟ್ಟರೆ ಆಟಿ ಕಳೆಯುವಾಗ ತುಕ್ಕು. ಮತ್ತೆ ಲುಂಗಿ ಉಟ್ಟು, ಹೆಗಲಿಗೆ ಬೈರಾಸು ಹಾಕಿ ಲೇತಿನ ಎದುರು ನಿಲ್ಲುವ ಅಂದಾಜು ಉಂಟಾ? ಲೇತ್ ಬೈರಾಸನ್ನು ಸುತ್ತಿಕೊಳ್ತದೆ, ಜೊತೆಗೆ ನಿಮ್ಮನ್ನೂ. ಪ್ಯಾಂಟು ಹಾಕಿ, ಮುಖಕ್ಕೆ ಫೇಸ್ ಶೀಲ್ಡ್ ಹಾಕಿ, ಕೈಗೆ ಗ್ಲೌಸ್ ಹಾಕ್ಬೇಡಿ.

ಹ್ಞಾಂ, ಒಂದು ಮುಖ್ಯ ವಿಷಯ ಬಿಟ್ಟೇ ಹೋಗಿತ್ತು. ನಿಮ್ಮಲ್ಲಿಗೆ ಗ್ರೈಂಡರ್ ಬಂದದ್ದು ನೆರೆಕರೆಗೆ ಗೊತ್ತಾಗ್ಲಿಕ್ಕೆ ಒಂದು ದಿನ ಸಾಕು. ಮಾರನೇ ಬೆಳಿಗ್ಗೆ ಅಂಗಳದಲ್ಲಿ ಮೆರವಣಿಗೆ: ಮೀನು ಕೊಯ್ಯುವ ಕತ್ತಿ, ಹುಲ್ಲು ಕತ್ತಿ, ಅಡಿಕೆ ಸುಲಿಯುವ ಕತ್ತಿ, ಯಾರದ್ದೋ ಅಜ್ಜಿಯ ಮೆಟ್ಟುಕತ್ತಿ. "ಒಂದು ಚೂರು ಮುಟ್ಟಿಸಿ ಕೊಡಿ ಭಟ್ರೆ, ನಿಮ್ಮಲ್ಲಿ ಮೆಷಿನ್ ಉಂಟಲ್ಲ." ಇಲ್ಲ ಅನ್ಲಿಕ್ಕೆ ಬರುವುದಿಲ್ಲ. ನಾಳೆ ಅಡಿಕೆ ಕೊಯ್ಲಿಗೆ ಜನ ಬೇಕಾಗುವುದು ನಿಮಗೆ.

ಅವರಿಗೆಲ್ಲ ಬೂದು ಕಲ್ಲಿನ ಬದಿ ಬಿಟ್ಟುಕೊಡಿ. ಪಕ್ಕದಲ್ಲಿ ನೀರಿನ ಡಬ್ಬಿ ಇಡಿ (ಇವು ಲಾರಿ ಪ್ಲೇಟಿನ ಕತ್ತಿಗಳು; ಇವನ್ನು ಆಗಾಗ ಅದ್ದಿ ತಣ್ಣಗೆ ಮಾಡ್ಲೇಬೇಕು). ಬಿಳಿ ಕಲ್ಲಿನ ಬದಿಗೆ ಒಂದು ಹಳೇ ಗೋಣಿ ಸುತ್ತಿ ಹಗ್ಗ ಬಿಗಿದಿಡಿ. ಯಾರಾದರೂ ಕೇಳಿದರೆ, ಆ ಬದಿ ಶಾಕ್ ಹೊಡೀತದೆ ಅನ್ನಿ.